ಅಜ್ಜನ ಕತ್ತಿಯ ಮೇಲಿನ ಐದು ಅಕ್ಷರ

ಕಳೆದ ದಸರಾ ರಜೆಯಲ್ಲಿ ರಾಯಚೂರಿನ ನಮ್ಮ ಹಳೇ ಮನೆ ಖಾಲಿ ಮಾಡಿದೆವು. ಮನೆ ಮಾರಾಟವಾಗಿತ್ತು, ಕೊಂಡವರು ದೀಪಾವಳಿಯೊಳಗೆ ಬಿಟ್ಟುಕೊಡಿ ಎಂದಿದ್ದರು. ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ಒಂದು ಹಿತ್ತಾಳೆ ಬಟ್ಟಲು, ಹಿಡಿ ಸಡಿಲಾದ ಎರಡು ಕತ್ತರಿ, ಬೆಣ್ಣೆಯಂತೆ ನುಣುಪಾದ ಒಂದು ಸಾಣೆಕಲ್ಲು, ಬಿರುಕು ಬಿಟ್ಟ ಚರ್ಮದ ಪಟ್ಟಿ ಇದ್ದವು. ಇವೆಲ್ಲದರ ಕೆಳಗೆ, ಕೆಂಪು ಅರಿವೆಯಲ್ಲಿ ಸುತ್ತಿದ ಉದ್ದನೆಯ ರಟ್ಟಿನ ಡಬ್ಬಿ. ಅದರೊಳಗೆ ಅಜ್ಜನ ಕ್ಷೌರದ ಕತ್ತಿ.

ನಮ್ಮದು ಹಡಪದ ಮನೆತನ. ಇದನ್ನು ಹೀಗೆ ಒಂದು ಸಾಲಿನಲ್ಲಿ ಬರೆಯಲು ನನಗೆ ಮೂವತ್ತೆಂಟು ವರ್ಷ ಹಿಡಿದಿದೆ. ಅಪ್ಪ ಸರ್ಕಾರಿ ಗುಮಾಸ್ತರಾದರು, ನಾನು ಎಂ.ಟೆಕ್. ಮಾಡಿ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ಕೂತು ಯಾವುದೋ ದೇಶದ ಬ್ಯಾಂಕಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಮೀಟಿಂಗಿನಲ್ಲಿ ಯಾರಾದರೂ ಕೆಲಸ ಕೆಡಿಸಿದವನನ್ನು ‘ಹಜ್ಜಾಮ್’ ಎಂದು ನಗುವಾಗ ನಾನೂ ಮ್ಯೂಟ್ ತೆಗೆಯದೆ ಸುಮ್ಮನಿರುತ್ತೇನೆ.

ಆ ಕತ್ತಿಗೆ ನಮ್ಮ ಮನೆಯಲ್ಲಿ ಒಂದು ಕಥೆಯಿತ್ತು. ಹೇಳುತ್ತಿದ್ದವರು ಕಾಕಾ. ಅಜ್ಜ ಹುಡುಗನಾಗಿದ್ದಾಗ ಹೈದರಾಬಾದಿಗೆ ಹೋಗಿ ಸುಲ್ತಾನ್ ಬಜಾರಿನ ಒಂದು ಸಲೂನಿನಲ್ಲಿ ಕೆಲಸಕ್ಕಿದ್ದನಂತೆ. ಪಕ್ಕದ ರೆಸಿಡೆನ್ಸಿಯಿಂದ ಒಬ್ಬ ಇಂಗ್ಲಿಷ್ ಸಾಹೇಬ ದಿನಾ ಕರೆಸಿಕೊಳ್ಳುತ್ತಿದ್ದನಂತೆ. ಅಜ್ಜನ ಕೈ ಎಷ್ಟು ಹಗುರವೆಂದರೆ ಸಾಹೇಬ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ದೇಶ ಬಿಟ್ಟು ಹೋಗುವಾಗ ತನ್ನ ಸ್ವಂತ ಕತ್ತಿಯನ್ನೇ ಕೈಗಿಟ್ಟು ಹೋದ. ಪ್ರತಿ ಮದುವೆಯಲ್ಲೂ ಊಟದ ನಂತರ ಈ ಕಥೆ ಬರುತ್ತಿತ್ತು, ಸಾಹೇಬನ ಹುದ್ದೆ ಮಾತ್ರ ವರ್ಷ ವರ್ಷ ಬಡ್ತಿ ಪಡೆಯುತ್ತಿತ್ತು. ನಾನು ಕಡೆಯ ಸಲ ಕೇಳಿದಾಗ ಅವನು ಸ್ವತಃ ರೆಸಿಡೆಂಟನೇ ಆಗಿದ್ದ.

ತಮ್ಮ ಅದನ್ನು ಮಾರೋಣ ಅಂದ. ಹಳೇ ಕತ್ತಿಗಳಿಗೆ ಈಗ ಒಳ್ಳೆ ಬೆಲೆಯಂತೆ, ವಿದೇಶದಲ್ಲಿ ಸಂಗ್ರಾಹಕರಿದ್ದಾರಂತೆ. ಕಾಕಾ, “ಸಾಹೇಬ್ರು ಕೊಟ್ಟಿದ್ದಪ್ಪ ಅದು, ಮಾರಬ್ಯಾಡ್ರಿ” ಅಂದರು. ಅಪ್ಪ ಏನೂ ಅನ್ನಲಿಲ್ಲ. ಮೊದಲು ಇದನ್ನು ಮಾಡಿದವರು ಯಾರು, ಯಾವ ಕಾಲದ್ದು ಅಂತ ಗೊತ್ತು ಮಾಡಿಕೊಳ್ಳುತ್ತೇನೆ, ಆಮೇಲೆ ನೋಡೋಣ ಎಂದು ನಾನೇ ಹೈದರಾಬಾದಿಗೆ ತಂದೆ.

ಇಂಥ ಕತ್ತಿಯ ಹುಟ್ಟು ಗೊತ್ತಾಗುವುದು ಒಂದೇ ಜಾಗದಲ್ಲಿ. ಅಲಗು ಮುಗಿದು ಹಿಡಿಕೆಗೆ ಸೇರುವ ಮುನ್ನ ಒಂದು ದಪ್ಪ ಕುತ್ತಿಗೆ ಇರುತ್ತದೆ, ಅದರ ತುದಿಯಲ್ಲಿ ಕಿರುಬೆರಳು ಊರಲು ಒಂದು ಬಾಲ. ತಯಾರಕ ತನ್ನ ಹೆಸರನ್ನು ಆ ಕುತ್ತಿಗೆಯ ಮೇಲೆ ಉಕ್ಕು ಬಿಸಿಯಿದ್ದಾಗಲೇ ಅಚ್ಚು ಒತ್ತುತ್ತಿದ್ದ. ಅಲಗಿನ ಮೇಲಿನ ಚಿತ್ತಾರ, ಚಿನ್ನದ ಬಣ್ಣದ ಬರಹ ಎಲ್ಲ ವರ್ಷ ಕಳೆದಂತೆ ಸವೆದು ಹೋಗುತ್ತವೆ. ಕುತ್ತಿಗೆಯ ಅಚ್ಚು ಉಳಿಯುತ್ತದೆ. ನಮ್ಮದರಲ್ಲಿ ಅದೂ ಅರ್ಧ ಅಳಿಸಿತ್ತು. ಬರಿಗಣ್ಣಿಗೆ ಕಂಡಿದ್ದು ಇಂಗ್ಲಿಷಿನ ಐದು ಅಕ್ಷರ: ಬಿ, ಇ, ಎನ್, ಜಿ, ಎ. ಬೆಂಗ. ಮುಂದೆ ತುಕ್ಕು.

“ಬೆಂಗಳೂರು!” ಅಂದ ತಮ್ಮ ವಿಡಿಯೋ ಕಾಲಿನಲ್ಲಿ. ಕನ್ನಡಿಗನಿಗೆ ಬೆಂಗ ಎಂದು ಕಂಡರೆ ಇನ್ನೇನು ಹೊಳೆಯಬೇಕು ಹೇಳಿ. ಆದರೆ ಬ್ರಿಟಿಷರ ಕಾಲದ ಇಂಗ್ಲಿಷಿನಲ್ಲಿ ಅದು ಬ್ಯಾಂಗಲೋರ್, ಬಿ ಆದ ಮೇಲೆ ಎ ಬರಬೇಕು. ಇಂಗ್ಲಿಷಿನಲ್ಲೂ ಬೆಂಗಳೂರು ಎಂದು ಅಧಿಕೃತವಾಗಿ ಬರೆಯತೊಡಗಿದ್ದು 2014ರ ನವೆಂಬರ್ 1ರಿಂದ. ಅಜ್ಜನ ಕತ್ತಿ ಅಷ್ಟು ಹೊಸದಲ್ಲ.

ಒಂದು ಗುರುವಾರ ರಜೆ ಹಾಕಿ ಪುರಾನಾಪುಲ್ ಹತ್ತಿರದ ಜುಮ್ಮೇರಾತ್ ಬಜಾರಿಗೆ ಹೋದೆ. ಹೈದರಾಬಾದಿನಲ್ಲಿರುವ ಓದುಗರಿಗೆ ಗೊತ್ತಿರುತ್ತದೆ, ಹಳೇ ಬೀಗದಿಂದ ಹಿಡಿದು ಒಂಟಿ ಚಪ್ಪಲಿಯವರೆಗೆ ಸಿಗದ ವಸ್ತುವಿಲ್ಲ ಅಲ್ಲಿ. ನೆಲದ ಮೇಲೆ ಗೋಣಿತಾಟು ಹಾಸಿ ಹಿತ್ತಾಳೆ ಸಾಮಾನು ಹರವಿಕೊಂಡಿದ್ದ ಒಬ್ಬ ವ್ಯಾಪಾರಿ ಕತ್ತಿಯನ್ನು ಬಿಸಿಲಿಗೆ ಹಿಡಿದು, “ಬಂಗಾಲ್ ಕಾ ಮಾಲ್ ಹೈ ಸಾಬ್, ಕಲ್ಕತ್ತೇ ಕಾ” ಎಂದ. ನಾನೂರು ಕೊಡುತ್ತೇನೆ, ಪಾಲಿಶ್ ಹೊಡೆಸಿದರೆ ಹೆಚ್ಚು ಬರುತ್ತದೆ, ಇಲ್ಲೇ ಹತ್ತಿರ ಬಫಿಂಗ್ ಯಂತ್ರ ಇದೆ ಎಂದು ಎದ್ದೇಬಿಟ್ಟ. ನಾನು ಕತ್ತಿಯನ್ನು ಕಸಿದುಕೊಂಡಿದ್ದು ಸ್ವಲ್ಪ ಒರಟಾಗಿಯೇ ಇರಬೇಕು. ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇದ್ದರೆ ದಯವಿಟ್ಟು ಮರಳು ಕಾಗದ, ಬಫಿಂಗ್, ಹುಣಸೆಹಣ್ಣು ಯಾವುದನ್ನೂ ತಾಕಿಸಬೇಡಿ. ತುಕ್ಕಿನ ಜೊತೆ ಹೆಸರೂ ಹೋಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಹಾಕಿ ಎರಡು ದಿನ ಬಿಟ್ಟು ಮೆತ್ತನೆ ಬಟ್ಟೆಯಿಂದ ಒರೆಸಿದರೆ ಸಾಕು.

ನಾನು ಮಾಡಿದ್ದೂ ಅದೇ. ಆಮೇಲೆ ರಾತ್ರಿ ಕೋಣೆಯ ದೀಪ ಆರಿಸಿ ಫೋನಿನ ಟಾರ್ಚನ್ನು ಕತ್ತಿಯ ಮಟ್ಟಕ್ಕೇ ಅಡ್ಡವಾಗಿಟ್ಟು ಫೋಟೋ ತೆಗೆದೆ. ನೇರ ಬೆಳಕಿನಲ್ಲಿ ಕಾಣದ ತಗ್ಗುಗಳು ಅಡ್ಡ ಬೆಳಕಿಗೆ ನೆರಳಾಗಿ ಕಾಣುತ್ತವೆ. ಎರಡನೇ ಸಾಲಿನಲ್ಲಿ ಏನೋ ಇದೆ ಎನ್ನುವಷ್ಟು ಗೊತ್ತಾಯಿತು, ಓದಲಾಗಲಿಲ್ಲ. ಹೆಂಡತಿ ನೋಡುವಷ್ಟು ನೋಡಿ ದೇವರ ಕಪಾಟಿನಿಂದ ವಿಭೂತಿ ಗಟ್ಟಿ ತಂದು, “ಇದನ್ನ ಒರೆಸಿ ನೋಡ್ರಿ” ಅಂದಳು. ಪುಡಿ ತಿಕ್ಕಿ, ಅಂಗೈಯಿಂದ ಮೇಲ್ಮೇಲೆ ಒರೆಸಿದಾಗ ತಗ್ಗಿನಲ್ಲಿ ಮಾತ್ರ ಬಿಳಿ ಉಳಿಯಿತು. ಮೊದಲ ಸಾಲು ಬೆಂಗಾಲ್, ಅದೂ ಕೊನೆಗೆ ಎರಡು ಎಲ್. ಎರಡನೇ ಸಾಲಿನಲ್ಲಿ ‘ಆಡ್‌ಮನ್ ಅಂಡ್ ಸನ್ಸ್’. ಮೂರನೆಯದು ಶೆಫೀಲ್ಡಿನ ಅರ್ಧ, ನಂತರ ಇಂಗ್ಲೆಂಡ್.

ಎರಡು ಎಲ್ ಇರುವ ಬೆಂಗಾಲ್ ಊರಲ್ಲ, ಅದೊಂದು ಟ್ರೇಡ್ ಮಾರ್ಕ್. ಶೆಫೀಲ್ಡಿನ ಟಿ. ಆರ್. ಕ್ಯಾಡ್ಮನ್ ಅಂಡ್ ಸನ್ಸ್ ಎಂಬ ಕತ್ತಿ ತಯಾರಕರ ಗುರುತು. ಅವರ ಕತ್ತಿಗಳ ಮೇಲೆ ತಯಾರಕರಿಗಿಂತ ದೊಡ್ಡದಾಗಿ ಈ ಪದವೇ ಇರುತ್ತಿತ್ತು. ಕೊಳ್ಳುವವನಿಗೆ ಹೆಸರು ನೆನಪಿರದಿದ್ದರೂ ಗುರುತು ನೆನಪಿರಬೇಕು ಎನ್ನುವ ಲೆಕ್ಕ. ಶೆಫೀಲ್ಡಿನವರೆಲ್ಲ ಹೀಗೇ ಮಾಡುತ್ತಿದ್ದರು. ಜೋಸೆಫ್ ರಾಡ್ಜರ್ಸ್ ಕಂಪನಿಯದು ಒಂದು ನಕ್ಷತ್ರ ಮತ್ತು ಶಿಲುಬೆ, ವೊಸ್ಟನ್‌ಹೋಮ್‌ನದು ಐ ಎಕ್ಸ್ ಎಲ್. ಅದನ್ನು ಬೇಗ ಓದಿದರೆ ‘ನಾನೇ ಮೇಲು’ ಎನ್ನುವ ಇಂಗ್ಲಿಷ್ ಮಾತಾಗುತ್ತದೆ. ಜರ್ಮನಿಯ ಜೋಲಿಂಗನ್ ಊರಿನ ಹೆಂಕೆಲ್ಸ್‌ನವರ ಅವಳಿ ಗೊಂಬೆಗಳ ಗುರುತು 1731ರಷ್ಟು ಹಳೆಯದು. ಓದು ಬಾರದವನೂ ಬೊಂಬೆ ನೋಡಿ ಕೊಳ್ಳಬಹುದಲ್ಲ.

ಗುರುತು ಇದ್ದಲ್ಲಿ ಕಳ್ಳ ಗುರುತೂ ಇರುತ್ತದೆ. ಪರದೇಶದ ಅಗ್ಗದ ಕತ್ತಿಗಳ ಮೇಲೆ ಶೆಫೀಲ್ಡಿನ ಹೆಸರು ಒತ್ತಿ ಮಾರುತ್ತಾರೆ ಎನ್ನುವುದು ಅಲ್ಲಿನವರ ದೊಡ್ಡ ದೂರಾಗಿತ್ತು. ಇಂಥ ದೂರುಗಳ ಒತ್ತಡದಲ್ಲೇ ಇಂಗ್ಲೆಂಡಿನಲ್ಲಿ 1887ರಲ್ಲಿ ಸರಕಿನ ಗುರುತುಗಳ ಕಾನೂನು ಬಂತು. ಬ್ರಿಟಿಷ್ ಇಂಡಿಯಾದಲ್ಲಿ ಅದರ ತಮ್ಮನಂತಹ ಕಾನೂನು 1889ರಲ್ಲಿ. ಮರುವರ್ಷ ಅಮೆರಿಕ, ಆಮದಾಗುವ ಸರಕಿನ ಮೇಲೆ ಯಾವ ದೇಶದ್ದೆಂದು ಇರಲೇಬೇಕು ಎಂದಿತು. ಹಾಗಾಗಿ ಕತ್ತಿಯ ಮೇಲೆ ಬರೀ ಊರಿನ ಹೆಸರಿದ್ದರೆ ಹಳೆಯದಿರಬಹುದು, ದೇಶದ ಹೆಸರೂ ಇದ್ದರೆ ಬಹುಮಟ್ಟಿಗೆ 1890ರ ಈಚಿನದು. ನಮ್ಮದರಲ್ಲಿ ಇಂಗ್ಲೆಂಡ್ ಇದೆ.

ಅಲ್ಲಿಗೆ ಒಂದು ತುದಿ ಸಿಕ್ಕಿತು. ಹಿಡಿಕೆಯಿಂದ ಇನ್ನೇನಾದರೂ ಸಿಗುವುದೋ ನೋಡಿದೆ. ಕಪ್ಪು ಹಿಡಿಕೆ, ಕೋಡಿನದೆಂದು ಕಾಕಾ ಹೇಳುತ್ತಿದ್ದರು. ಕೋಡಾದರೆ ಬೆಳಕಿಗೆ ಹಿಡಿದಾಗ ಅಂಚಿನಲ್ಲಿ ಎಳೆ ಎಳೆ ಕಾಣಬೇಕು. ಕಾಣಲಿಲ್ಲ. ಬಿಸಿ ನೀರಿನಲ್ಲಿ ಒಂದು ಕ್ಷಣ ಅದ್ದಿ ಮೂಗಿಗೆ ಹಿಡಿದೆ. ಕರ್ಪೂರ! ಮಂಗಳಾರತಿ ಮುಗಿದ ಮೇಲಿನ ತಟ್ಟೆಯಂಥದೇ ವಾಸನೆ. ಅದು ಸೆಲ್ಯುಲಾಯ್ಡ್. 1870ರ ಸುಮಾರಿಗೆ ಅಮೆರಿಕದ ಹಯಾಟ್ ಸೋದರರು ಹತ್ತಿಯಿಂದ ಮಾಡಿದ ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡಿದ ವಸ್ತು, ನೂರು ವರ್ಷವಾದರೂ ಬಿಸಿಗೆ ತನ್ನ ಕರ್ಪೂರ ಬಿಟ್ಟುಕೊಡುತ್ತದೆ. (ಕೆಲವರು ಕಾದ ಸೂಜಿ ಚುಚ್ಚಿ ನೋಡುತ್ತಾರೆ. ಬೇಡ, ಸೆಲ್ಯುಲಾಯ್ಡ್ ಭಗ್ ಎಂದು ಹತ್ತಿಕೊಳ್ಳುತ್ತದೆ.) ಆದರೆ ಹಿಡಿಕೆಯನ್ನು ಪೂರ್ತಿ ನಂಬುವ ಹಾಗಿಲ್ಲ. ಒಡೆದಾಗ ಬದಲಿಸುವ ಭಾಗ ಅದು. ನಮ್ಮ ಕತ್ತಿಯ ಒಂದು ತುದಿಯ ಮೊಳೆ ಕಾರ್ಖಾನೆಯದು, ಇನ್ನೊಂದು ತುದಿಯದು ಯಾರೋ ಹಿತ್ತಾಳೆ ತಂತಿ ಕತ್ತರಿಸಿ ಸುತ್ತಿಗೆಯಿಂದ ಬಡಿದು ಕೂರಿಸಿದ್ದು.

ಹೆಸರು ಸಿಕ್ಕಿದ ಮಾತ್ರಕ್ಕೆ ಮಾಡಿದವನು ಸಿಕ್ಕ ಎನ್ನಬಹುದೇ? ನಮ್ಮ ಸಾಲಾರ್ ಜಂಗ್ ಮ್ಯೂಸಿಯಮ್ಮಿನಲ್ಲಿ ಗಂಟೆಗೊಮ್ಮೆ ಗೊಂಬೆ ಹೊರಬಂದು ಗಂಟೆ ಬಾರಿಸುವ ಗಡಿಯಾರ ನೀವೆಲ್ಲ ನೋಡಿದ್ದೀರಿ. ಅದರ ಮೇಲಿರುವ ಹೆಸರು ಕುಕ್ ಅಂಡ್ ಕೆಲ್ವಿ, ಕಲ್ಕತ್ತೆಯ ವ್ಯಾಪಾರಿಗಳು. ಬಿಡಿಭಾಗಗಳು ಇಂಗ್ಲೆಂಡಿನವು, ಜೋಡಿಸಿದ್ದು ಕಲ್ಕತ್ತೆಯಲ್ಲಿ. ಶೆಫೀಲ್ಡಿನಲ್ಲೂ ಒಂದು ಕತ್ತಿ ಒಬ್ಬನ ಕೈಯಲ್ಲಿ ಹುಟ್ಟುತ್ತಿರಲಿಲ್ಲ. ಕಾಯಿಸಿ ಬಡಿಯುವವನು ಒಬ್ಬ, ಸಾಣೆ ಚಕ್ರದ ಮೇಲೆ ಹೊಟ್ಟೆ ತಗ್ಗಿಸುವವನು ಇನ್ನೊಬ್ಬ, ಹಿಡಿಕೆ ಕೂರಿಸುವವನು ಮತ್ತೊಬ್ಬ. ಎಷ್ಟೋ ಜನ ಬಾಡಿಗೆ ಕೋಣೆಯಲ್ಲಿ ಕೂತು ದೊಡ್ಡ ಕಂಪನಿಗಳಿಗೆ ತುಂಡು ಲೆಕ್ಕದಲ್ಲಿ ಕೆಲಸ ಮಾಡುತ್ತಿದ್ದರು. ಸಾಣೆಯವರು ಕಲ್ಲಿನ ಧೂಳು ಕುಡಿದು ಎಳೇ ವಯಸ್ಸಿಗೇ ಶ್ವಾಸಕೋಶ ಕೆಟ್ಟು ಸಾಯುತ್ತಿದ್ದರು. ಅವರ ಹೆಸರು ಯಾವ ಕುತ್ತಿಗೆಯ ಮೇಲೂ ಇಲ್ಲ. ಆಳುಗಳನ್ನು ಗುತ್ತಿಗೆ ಕೊಟ್ಟು ತನ್ನ ಹೆಸರಿನಲ್ಲಿ ಕೋಡ್ ಕಳಿಸುವ ಕಂಪನಿಗಳಲ್ಲೇ ಹದಿನಾಲ್ಕು ವರ್ಷ ಕಳೆದಿರುವ ನನಗೆ ಇದು ಹೊಸದೆನಿಸಲಿಲ್ಲ.

ಓದುತ್ತಾ ಹೋದಂತೆ ಉಕ್ಕಿನ ಕಥೆ ನಮ್ಮ ಬಾಗಿಲಿಗೇ ಬಂತು. ಯುರೋಪಿನವರು ‘ವೂಟ್ಜ್’ ಎಂದು ಕರೆದು ಬೆರಗಾದ ಉಕ್ಕು ದಕ್ಷಿಣ ಭಾರತದ್ದು. ಆ ಪದಕ್ಕೆ ಮೂಲ ನಮ್ಮ ‘ಉಕ್ಕು’ ಎಂಬುದೇ ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಹೈದರಾಬಾದಿನಿಂದ ಉತ್ತರಕ್ಕೆ, ನಿಜಾಮಾಬಾದ್ ಜಿಲ್ಲೆಯ ಕೋನಸಮುದ್ರಂನಲ್ಲಿ ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕಿಗಾಗಿ ಪರ್ಷಿಯಾದ ವ್ಯಾಪಾರಿಗಳು ಬರುತ್ತಿದ್ದರು. 1790ರ ದಶಕದಲ್ಲಿ ಮುಂಬೈಯಿಂದ ಅದರ ಗಟ್ಟಿಗಳು ಲಂಡನ್ನಿನ ರಾಯಲ್ ಸೊಸೈಟಿಗೆ ಹೋದವು. ಜೇಮ್ಸ್ ಸ್ಟೋಡಾರ್ಟ್ ಎಂಬ ಕತ್ತಿ ತಯಾರಕ ಅದನ್ನು ಬಳಸಿ ಮೆಚ್ಚಿಕೊಂಡ. ಮುಂದೆ ಇದೇ ಸ್ಟೋಡಾರ್ಟ್, ವಿದ್ಯುತ್ತಿನ ಪಾಠದಲ್ಲಿ ನಾವು ಓದಿದ ಮೈಕೆಲ್ ಫ್ಯಾರಡೆ ಜೊತೆ ಸೇರಿ ಆ ಗುಟ್ಟು ಬಿಡಿಸಲು 1820ರ ಆಸುಪಾಸಿನಲ್ಲಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಮ್, ರೋಡಿಯಮ್ ಬೆರೆಸಿ ನೋಡಿದ. ರೋಡಿಯಮ್ ಬೆರೆಸಿದ ಉಕ್ಕಿನಲ್ಲಿ ಕ್ಷೌರದ ಕತ್ತಿ ಮಾಡಿಸಿ ಫ್ಯಾರಡೆ ಗೆಳೆಯರಿಗೆ ಹಂಚಿದ್ದ. ಹಳೇ ಶೆಫೀಲ್ಡ್ ಕತ್ತಿಗಳ ಮೇಲೆ ‘ಬೆಳ್ಳಿ ಉಕ್ಕು’ ಎಂಬ ಬರಹ ಕಂಡರೆ ಅದು ಈ ಪ್ರಯೋಗಗಳ ಪ್ರತಿಧ್ವನಿ. ಬೆಳ್ಳಿ ಎಷ್ಟಿತ್ತೋ, ಜಾಹೀರಾತು ಮಾತ್ರ ಚೆನ್ನಾಗಿ ನಡೆಯಿತು.

ಇರಲಿ, ನಮ್ಮ ಕತ್ತಿಗೆ ಬರುತ್ತೇನೆ. ತಯಾರಕ ಸಿಕ್ಕ, ಆದರೆ ಕಾಕಾನ ಸಾಹೇಬನಿಗೆ ಏನೂ ಆಗಿರಲಿಲ್ಲ. 1890ರ ಈಚಿನ ಇಂಗ್ಲಿಷ್ ಕತ್ತಿ ಇಂಗ್ಲಿಷ್ ಸಾಹೇಬನ ಬಳಿ ಇರುವುದರಲ್ಲಿ ವಿಶೇಷವೇನು? ನನಗೆ ಒಳಗೊಳಗೇ ಖುಷಿಯಾಗಿತ್ತು. ಅನುಮಾನ ಹುಟ್ಟಿಸಿದ್ದು ಸವೆತ. ಈ ಕತ್ತಿಯನ್ನು ಮಸೆಯುವಾಗ ಬಾಯಿ, ಬೆನ್ನು ಎರಡನ್ನೂ ಕಲ್ಲಿಗೆ ತಾಗಿಸಿಯೇ ಎಳೆಯಬೇಕು, ಹಾಗಾಗಿ ಬಾಯಿಯ ಜೊತೆ ಬೆನ್ನೂ ಸವೆಯುತ್ತದೆ. ನಮ್ಮದರ ಬೆನ್ನು ಎರಡೂ ಕಡೆ ಚಪ್ಪಟೆಯಾಗಿ ಪಟ್ಟಿ ಬಿದ್ದಿದೆ. ಅಲಗಿನ ಅಗಲ ಹಿಮ್ಮಡಿಯ ಹತ್ತಿರ ಹದಿನಾರು ಮಿಲಿಮೀಟರ್, ತುದಿಯಲ್ಲಿ ಹನ್ನೆರಡು. ಒಬ್ಬ ಮನುಷ್ಯ ತನ್ನೊಬ್ಬನ ಗಡ್ಡಕ್ಕೆ ಬಳಸಿದರೆ ಇಷ್ಟು ಸವೆಯಲು ನಾಲ್ಕು ಜನ್ಮ ಬೇಕು. ಇದು ದಿನಕ್ಕೆ ಹತ್ತಾರು ಗಡ್ಡ ಕಂಡ ಕತ್ತಿ. ಉಡುಗೊರೆಯೆಂದು ಅರಿವೆಯಲ್ಲಿ ಸುತ್ತಿಟ್ಟದ್ದಲ್ಲ.

ಇನ್ನುಳಿದದ್ದು ಡಬ್ಬಿ. ಅದನ್ನು ಒಣ ಬ್ರಷ್ಷಿನಿಂದ ಸ್ವಚ್ಛ ಮಾಡುವಾಗ ತಳಕ್ಕೆ ಅಂಟಿಸಿದ್ದ ನೀಲಿ ಕಾಗದ ಎದ್ದು ಬಂತು. ಅದರ ಕೆಳಗೆ ನಾಲ್ಕಾಗಿ ಮಡಿಸಿದ ಒಂದು ಚೀಟಿ, ಉರ್ದುವಿನಲ್ಲಿ. ಆಫೀಸಿನ ಇಬ್ಬರು ಉರ್ದು ಬಲ್ಲ ಗೆಳೆಯರಿಗೆ ತೋರಿಸಿದೆ. ಒಂದೆರಡು ಪದ ಹೇಳಿ, ಅಂಕಿಗಳಿರಬೇಕಾದ ಕಡೆ ಇರುವುದು ಅಂಕಿಯೇ ಅಲ್ಲ, ಏನೋ ಗೀಚಿದ್ದಾರೆ ಎಂದು ಕೈಬಿಟ್ಟರು. ಕಾಚಿಗುಡದ ಕನ್ನಡ ಕಾರ್ಯಕ್ರಮವೊಂದರಲ್ಲಿ ಪರಿಚಯವಾಗಿದ್ದ ಹಿರಿಯರೊಬ್ಬರು ನೆನಪಾದರು. ತೊಂಬತ್ತರ ಹತ್ತಿರ ವಯಸ್ಸು, ಕಲಬುರಗಿ ಕಡೆಯವರು, ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಶಾಲೆ ಕಲಿತವರು. ಚೀಟಿ ನೋಡಿದವರೇ ನಕ್ಕರು. “ಇವು ರಖಮು ತಮ್ಮ. ನಮ್ಮಪ್ಪ ಇದರಾಗೇ ಲೆಕ್ಕ ಬರೀತಿದ್ದ.” ಹೈದರಾಬಾದ್ ರಾಜ್ಯದ ಲೆಕ್ಕಪತ್ರಗಳಲ್ಲಿ ಮೊತ್ತವನ್ನು ಅಂಕಿಯಲ್ಲದೆ, ಅರಬ್ಬಿ ಸಂಖ್ಯಾಪದಗಳನ್ನು ಮೊಟಕು ಮಾಡಿದ ಚಿಹ್ನೆಗಳಲ್ಲಿ ಬರೆಯುತ್ತಿದ್ದರು. ಅದನ್ನು ಓದುವವರು ಈಗ ಬೆರಳೆಣಿಕೆಯಷ್ಟು.

ಅವರು ಭೂತಗನ್ನಡಿ ಹಿಡಿದು ಓದುತ್ತಾ ಹೋದರು, ನಾನು ಬರೆದುಕೊಂಡೆ. ಅಜ್ಜನ ಹೆಸರು, ಮುಂದೆ ‘ರಾಯಚೂರು’. ‘ಉಸ್ತುರಾ ವಿಲಾಯತಿ, ಒಂದು’. ಒಂಬತ್ತು ರೂಪಾಯಿ ಹಾಲಿ. ಒಂದು ರೂಪಾಯಿ ಮುಂಗಡ, ಉಳಿದದ್ದು ತಲಾ ಎರಡರಂತೆ ನಾಲ್ಕು ಕಿಸ್ತು. ವರ್ಷ 1351 ಫಸಲಿ.

ಹೈದರಾಬಾದಿನ ಫಸಲಿಗೆ 590 ಸೇರಿಸಿದರೆ ಇಂಗ್ಲಿಷ್ ವರ್ಷ. ಅಂದರೆ 1941ರ ಅಕ್ಟೋಬರಿನಿಂದ ಮುಂದಿನ ಅಕ್ಟೋಬರಿನೊಳಗೆ. ‘ಹಾಲಿ’ ಎಂದರೆ ಹಾಲಿ ಸಿಕ್ಕಾ, ನಿಜಾಮರ ಸ್ವಂತ ನಾಣ್ಯ. ಏಳು ಹಾಲಿ ರೂಪಾಯಿ ಕೊಟ್ಟರೆ ಬ್ರಿಟಿಷರ ಆರು ಕಲ್ದಾರ್ ರೂಪಾಯಿ ಬರುತ್ತಿದ್ದವು. ಒಂಬತ್ತು ರೂಪಾಯಿ ಎಂದರೆ ಅಜ್ಜನಿಗೆ ಎಷ್ಟು ದೊಡ್ಡದು ಎಂದು ತಿಳಿಯಲು ನಮ್ಮ ಊರಿನ ಕಡೆಯ ಆಯದ ಪದ್ಧತಿ ನೆನೆಸಿಕೊಳ್ಳಬೇಕು. ಊರಿನ ಕ್ಷೌರಿಕನಿಗೆ ವರ್ಷಪೂರ್ತಿ ಕೆಲಸ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಿಂತರೆ ಮನೆಗಿಷ್ಟು ಜೋಳ. ರೊಕ್ಕ ಕಾಣುವುದು ಮದುವೆ, ಜಾವಳದಂಥ ಕಾರ್ಯಗಳಲ್ಲಿ. ಅಜ್ಜ ಹೈದರಾಬಾದಿಗೆ ಓಡಿದ್ದೇ ಕೈಯಲ್ಲಿ ರೊಕ್ಕ ಆಡಲಿ ಎಂದು. ಇಪ್ಪತ್ತೊಂದರ ಹುಡುಗ, ಜೋಳದ ಲೆಕ್ಕದಿಂದ ಹೊರಬಂದು, ಯುದ್ಧದ ತುಟ್ಟಿಯ ಕಾಲದಲ್ಲಿ ಸಾಲ ಮಾಡಿ ವಿಲಾಯಿತಿ ಕತ್ತಿ ಕೊಂಡಿದ್ದ. ಪಕ್ಕದಲ್ಲೇ ರೆಸಿಡೆನ್ಸಿ ಇತ್ತು ನಿಜ, ಸುಲ್ತಾನ್ ಬಜಾರ್ 1933ರವರೆಗೆ ಬ್ರಿಟಿಷರ ಆಡಳಿತದಲ್ಲೇ ಇದ್ದ ಪೇಟೆ. ಸಾಹೇಬರು ಓಡಾಡುತ್ತಿದ್ದಿರಬಹುದು. ಕತ್ತಿ ಮಾತ್ರ ಅವರದಲ್ಲ.

ಅಪ್ಪನಿಗೆ ಮೊದಲು ಹೇಳಿದೆ. ಅವರು ಈಗ ನಮ್ಮ ಜೊತೆಗೇ ಇದ್ದಾರೆ. ಟೀವಿ ಸದ್ದು ಕಡಿಮೆ ಮಾಡಿ, “ಸಾಹೇಬನ ಕಥಿ ಅಪ್ಪ ಎಂದೂ ಹೇಳಿದ್ದಿಲ್ಲ. ನಿಮ್ಮ ಕಾಕಾ ಕಟ್ಟಿದ್ದದು” ಅಂದರು. ಕಾಕಾ ನಾಲ್ಕನೇ ಇಯತ್ತೆಯಲ್ಲಿದ್ದಾಗ ಕ್ಲಾಸಿನ ಹುಡುಗರು ಸ್ಲೇಟನ್ನು ಕನ್ನಡಿಯಂತೆ ಹಿಡಿದು, ಬಾ ನಮ್ಮ ಗಡ್ಡ ತೆಗಿ ಎಂದು ಸಾಲಾಗಿ ಕೂತಿದ್ದರಂತೆ. ಮರುದಿನ ಕಾಕಾ, ನಮ್ಮಪ್ಪನಿಗೆ ಇಂಗ್ಲಿಷ್ ಸಾಹೇಬರು ಕತ್ತಿ ಕೊಟ್ಟಿದ್ದಾರೆ, ನಿಮ್ಮಪ್ಪಂದಿರಿಗೆ ಏನು ಕೊಟ್ಟಿದ್ದಾರೆ ಎಂದು ಕೇಳಿದ್ದಂತೆ. “ಅವತ್ತಿಂದ ಅವನೂ ನಂಬಿದ, ಊರೂ ನಂಬಿತು.” ಇದನ್ನು ಹೇಳುತ್ತಾ ಅಪ್ಪ ಕತ್ತಿಯನ್ನು ಬಿಡಿಸಿ, ಎಡ ಅಂಗೈ ಮೇಲೆ ಬೆನ್ನು ಮುಂದಾಗಿ ಎಳೆದರು, ತಿರುವಿದರು, ಮತ್ತೆ ಎಳೆದರು. ಕಣ್ಣು ಟೀವಿಯ ಮೇಲೇ ಇತ್ತು. ಗುಮಾಸ್ತಗಿರಿ ಮಾಡಿದ ಆ ಕೈಗೆ ಅದು ಗೊತ್ತಿದೆ ಎಂದು ನನಗೆ ಈವರೆಗೆ ಗೊತ್ತಿರಲಿಲ್ಲ.

ಕಾಕಾಗೆ ಹೇಳಬೇಕೋ ಬೇಡವೋ ಎಂದು ಎರಡು ವಾರ ತೂಗಿದೆ. ಹೇಳದೆ ಇದನ್ನು ಬರೆಯುವುದು ಸರಿಯೆನಿಸಲಿಲ್ಲ. ಭಾನುವಾರ ಫೋನು ಮಾಡಿ ಚೀಟಿಯಲ್ಲಿದ್ದುದನ್ನು ಇದ್ದ ಹಾಗೆ ಓದಿದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ, ಬೀದಿಯಲ್ಲಿ ಯಾವುದೋ ಆಟೋ ಹೋದ ಸದ್ದು ಕೇಳಿತು.

“ನಾಲ್ಕೂ ಕಿಸ್ತು ಕಟ್ಯಾನ?” ಅಂದರು.

ಮೂರರ ಮುಂದೆ ಗೆರೆ ಹೊಡೆದಿದೆ ಕಾಕಾ, ನಾಲ್ಕನೇದರ ಮುಂದೆ ಏನೂ ಇಲ್ಲ ಎಂದೆ.

“ಕಟ್ಟಿರ್ತಾನ ಬಿಡು. ಅಂಗಡಿಯಾಂವ ಗೆರಿ ಹೊಡ್ಯಾದು ಮರ್ತಿರಬೇಕು.”